ಕೂಸಿದ್ದ ಮನೆಯ ಮುಂದೆ ನಿಂತ ದೇವರು

ಮೊನ್ನೆ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಬಟ್ಟೆ ಅಂಗಡಿಯಲ್ಲಿ, ಮೊಮ್ಮಗಳನ್ನೂ ಅವಳ ಕೂಸನ್ನೂ ಪಕ್ಕಕ್ಕೆ ಕೂರಿಸಿಕೊಂಡು, ಕೂಸಿಗೆ ಕುಂಚಿಗೆ ಆರಿಸುತ್ತ ಕುಳಿತಿದ್ದೆ. ಕೆಂಪು ಬೇಡ, ಹಳದಿ ಬೇಡ ಎಂದು ಅಂಗಡಿಯವನ ತಲೆ ತಿನ್ನುತ್ತಿದ್ದಾಗ ಬಾಗಿಲ ಕಡೆಯಿಂದ ಊದಿನ ಹೊಗೆ ಬಂತು. ನವಿಲುಗರಿಯ ಕಟ್ಟು ಹಿಡಿದ ಫಕೀರನೊಬ್ಬ ಅಂಗಡಿಯಿಂದ ಅಂಗಡಿಗೆ ಹೊಗೆ ಹಾಕುತ್ತ ಬರುತ್ತಿದ್ದ. ಊದಿನ ವಾಸನೆಗೆ ನಿಮಗೆ ಯಾವ ದೇವರು ನೆನಪಾಗುತ್ತಾನೋ ಕಾಣೆ. ನನಗೆ ನಮ್ಮ ಅತ್ತೆ ನೆನಪಾಗುತ್ತಾರೆ.

ಅತ್ತೆ ಗುರುಬಸವ್ವ ಕಲಬುರಗಿ ಹತ್ತಿರದ ಕಮಲಾಪುರದವರು. ನಾನು ಕಲಬುರಗಿಯ ಬ್ರಹ್ಮಪುರದಲ್ಲಿ ಬೆಳೆದವಳು, ಕಚೇರಿಯಿಂದ ಬಂದ ಅಪ್ಪನ ಬಾಯಿಂದ ನಾಲ್ಕು ಉರ್ದು ಮಾತು ಕಲಿತವಳು. ನಿಜಾಮರ ಕಾಲದಲ್ಲಿ ಅಷ್ಟು ಬಂದರೆ ಸಾಕು, ಲೋಕವೆಲ್ಲ ತಿಳಿದಂತೆ ಬೀಗಬಹುದಿತ್ತು. ಸೊಸೆಯಾಗಿ ಹೋದ ವರ್ಷ ಮೊಹರಂ ಹತ್ತಿರ ಬಂದಾಗ, ಕೊರಳಲ್ಲಿ ಲಿಂಗ ಕಟ್ಟಿಕೊಂಡ ಅತ್ತೆ ಮಿಂದು ಮಡಿಯುಟ್ಟು ಚೋಂಗೆ ಮಾಡಲು ಕುಳಿತರು. ಗೋದಿ ಹಿಟ್ಟು ಲಟ್ಟಿಸಿ, ಅಚ್ಚೊತ್ತಿ, ಬೇಯಿಸಿ ಬೆಲ್ಲ ಸವರುವ ಸಿಹಿ ಅದು.

"ಅತ್ತಿ, ಇದು ಸಾಬರ ಹಬ್ಬ ಅಲ್ಲೇನ್ರಿ?" ಎಂದು ಕೇಳಿದೆ.

"ಹಬ್ಬ ಅವರದು ಖರೆ. ದೇವ್ರು ಊರಿಂದು," ಎಂದು ಹಿಟ್ಟಿನ ಪರಾತ ನನ್ನ ಮುಂದೆ ಸರಿಸಿದರು. ನಾನು ಮಾಡಿದ ಚೋಂಗೆಗಳು ಕರುವಿನ ಪಾಲಾದವು.

ದೇವರು ಎಂದರೆ ಬಣ್ಣದ ಬಟ್ಟೆ ಸುತ್ತಿದ ಕೋಲಿನ ತುದಿಗೆ ಬೆಳ್ಳಿಯ ಹಸ್ತ. ಪೀರಲದೇವರು ಎನ್ನುತ್ತಿದ್ದೆವು. ಹಬ್ಬದ ಕಡೆಯ ದಿನ ಅವು ಓಣಿಓಣಿ ಸುತ್ತಿ ಹಳ್ಳಕ್ಕೆ ಹೋಗುತ್ತಿದ್ದವು. ದೊಡ್ಡ ದೇವರನ್ನು ಹೊರುತ್ತಿದ್ದವರು ಮುಲ್ಲಾ ಲಾಲಸಾಬರು. ಹೆಂಗಸರು ಅವರ ಕಾಲಿಗೆ ನೀರು ಸುರಿದು, ನಮ್ಮೂರಿನ ಕೆಂಪು ಬಾಳೆಹಣ್ಣು ಕೊಟ್ಟು, ಸೆರಗೊಡ್ಡಿ ನಿಲ್ಲುತ್ತಿದ್ದರು.

ಮರುವರ್ಷ ನನಗೆ ಮಗ ಹುಟ್ಟಿದ. ತವರಿನಲ್ಲಿ ತಾಯಿ ಇರಲಿಲ್ಲ, ಹಾಗಾಗಿ ಬಾಣಂತನ ಕಮಲಾಪುರದಲ್ಲೇ ಆಯಿತು. ಕೂಸು ಇದ್ದಕ್ಕಿದ್ದಂತೆ ಹಾಲು ಕುಡಿಯುವುದನ್ನು ಬಿಟ್ಟಿತು. ಆಮೇಲೆ ಅಳುವುದನ್ನೂ ಬಿಟ್ಟಿತು. ನಮ್ಮ ಯಜಮಾನರು ವೈದ್ಯರನ್ನು ಕರೆತರಲು ಗಾಡಿ ಕಟ್ಟಿಕೊಂಡು ಕಲಬುರಗಿಗೆ ಹೋದರು. ಅದೇ ಮೊಹರಮಿನ ಕಡೆಯ ದಿನ. ದೇವರು ಬಂದಾಗ ಕೂಸನ್ನು ಎತ್ತಿ ತೋರಿಸಬೇಕು ಎಂದು ಜೀವ ಹಿಡಿದು ಕಾಯುತ್ತಿದ್ದೆ. ಅತ್ತೆ ಮಾತ್ರ ದೇವರ ಮುಂದೆ ಬಡಿಯುವ ಹಲಗೆಯ ಸದ್ದು ಕೇಳುತ್ತಲೇ ತಲೆಬಾಗಿಲು ಹಾಕಿ ಅಗಳಿ ಜಡಿದರು. ಮನೆಯಲ್ಲಿ ಹೆರಿಗೆಯ ಸೂತಕವಂತೆ, ದೇವರಿಗೆ ಮುಟ್ಟಬಾರದಂತೆ.

ಇದರ ತಮಾಷೆ ನೋಡಿ. ಲಿಂಗ ಕಟ್ಟಿದವರಿಗೆ ಸೂತಕವೇ ಇಲ್ಲ ಎಂದು ಅತ್ತೆಯೇ ನೆರೆಮನೆಯವರಿಗೆ ಉಪದೇಶ ಮಾಡುತ್ತಿದ್ದರು. ಆದರೆ ಅದು ನಮ್ಮ ದೇವರ ಲೆಕ್ಕ. ಪರರ ದೇವರಿಗೆ ಏನು ನಡೆಯುತ್ತದೋ ಏನು ನಡೆಯುವುದಿಲ್ಲವೋ ಎಂಬ ಭಯಭಕ್ತಿಯಿಂದ, ತಾವೇ ಒಂದು ಕಟ್ಟಳೆ ಹುಟ್ಟಿಸಿಕೊಂಡಿದ್ದರು.

ಹಲಗೆ ನಮ್ಮ ಬಾಗಿಲ ಮುಂದೆ ಬಂದು ನಿಂತಿತು.

"ಅಕ್ಕಾ, ಬಾಗಲಾ ತಗೀರಿ." ಲಾಲಸಾಬರ ದನಿ.

"ಬಾಣಂತಿ ಮನಿ ಅದ ಅಣ್ಣಾ. ದೇವ್ರಿಗಿ ಮೈಲಿಗಿ ಆಗ್ತದ, ಮುಂದ ಹೋಗ್ರಿ." ಅತ್ತೆ ಹಾಗೆಂದರೂ ಬಾಗಿಲು ಬಿಟ್ಟು ಈಚೆ ಬರಲಿಲ್ಲ. ಆ ಮನೆಯಲ್ಲಿ ಕೂಸು ಉಳಿಯಲೆಂಬ ಆಸೆ ನನಗೊಬ್ಬಳಿಗೇ ಇರಲಿಲ್ಲ.

ಹೊರಗೆ ಯಾರೂ ಕದಲಲಿಲ್ಲ. ಲಾಲಸಾಬರು ಮೆಲ್ಲಗೆ ಹೇಳಿದರು: "ಅಕ್ಕಾ, ಇಷ್ಟು ದಿನ ನಾವು ಅತ್ತಿದ್ದು ಯಾರಿಗಿ? ಕಾಳಗದಾಗ ನೀರು ಸಿಗದೆ ಸತ್ತವ್ರಿಗಿ. ಅವ್ರೊಳಗ ಒಂದು ಮಲಿಕೂಸೂ ಇತ್ತು. ಕೂಸಿದ್ದ ಮನಿ ದಾಟಿ ಈ ದೇವ್ರು ಹ್ಯಾಂಗ ಹೋಗ್ತದ?"

ಅಗಳಿ ಸರಿದ ಸದ್ದು ಕೇಳಿತು. ಗಾಬರಿಯಲ್ಲಿ ಅತ್ತೆ ಕೈಗೆ ಸಿಕ್ಕ ನೀರು ಎತ್ತಿಕೊಂಡು ಓಡಿದ್ದರು. ಅದು ಅವರ ಲಿಂಗಪೂಜೆಯ ತಾಮ್ರದ ಗಿಂಡಿ, ನಾನೂ ಮುಟ್ಟುವಂತಿರಲಿಲ್ಲ. ಲಾಲಸಾಬರು ಅದನ್ನು ಕಾಲಿಗೆ ಸುರಿಯಗೊಡಲಿಲ್ಲ. ದೇವರನ್ನು ಒಂದು ತೋಳಿಗೆ ಆನಿಸಿಕೊಂಡು, ಗಿಂಡಿಯ ಮೇಲೆ ಪ್ರಾರ್ಥನೆ ಓದಿ, ಊದಿ, ತಿರುಗಿ ಕೊಟ್ಟರು. ಅತ್ತೆ ಒಳಗೆ ಬಂದು ಹತ್ತಿಯ ಬತ್ತಿ ಅದ್ದಿ ಕೂಸಿನ ತುಟಿಗೆ ಹಿಡಿದರು. ತುಟಿ ಅಲುಗಿತು. ಬತ್ತಿಯನ್ನು ಚೀಪಿತು.

ಸಂಜೆ ವೈದ್ಯರು ಬಂದು ಔಷಧಿಯನ್ನೂ ಕೊಟ್ಟರು. ಯಾವುದರಿಂದ ಉಳಿಯಿತು ಎಂದು ನನ್ನೊಡನೆ ವಾದಕ್ಕೆ ಬರಬೇಡಿ, ಉಳಿಯಿತು. ಅವನೇ ನನ್ನ ಮಗ ಫಕೀರಪ್ಪ, ಈಗ ನನಗಿಂತ ಹೆಚ್ಚು ಮಂಡಿ ನೋವು ಅವನಿಗೆ. ನನ್ನನ್ನು ಇಂದಿಗೂ ಬೆರಗುಗೊಳಿಸುವುದು ಮರುದಿನ ಬೆಳಿಗ್ಗೆ ಕಂಡದ್ದು. ಅತ್ತೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು, ಗಿಂಡಿಯಲ್ಲಿ ಉಳಿದಿದ್ದ ಅದೇ ನೀರನ್ನು ಮಜ್ಜನಕ್ಕೆರೆದರು. ನಾನು ಬಾಯಿ ಬಿಟ್ಟು ನೋಡುತ್ತಿದ್ದೆ.

"ಕೂಸಿಗಿ ಜೀವ ಕೊಟ್ಟ ನೀರು. ಶಿವಗ ಬ್ಯಾಡೇನು?" ಎಂದರು, ತಿರುಗಿಯೂ ನೋಡದೆ.

ಮೊನ್ನೆಯ ಫಕೀರ ನಾವು ಕುಳಿತಿದ್ದ ಅಂಗಡಿಯೊಳಗೆ ಇಣುಕಿದ. ಕೂಸನ್ನು ಕಂಡು ಮುಂದಿನ ಅಂಗಡಿಗೆ ನಡೆದ.

"ಬಾಬಾ, ಯಾಕ ಹೊಂಟಿ?" ಎಂದೆ.

"ಕೂಸಿಗಿ ಹೊಗಿ ಆಗಲ್ಲಮ್ಮಾ."

"ಹೊಗಿ ಹೊರಗಿಡು, ನೀ ಒಳಗ ಬಾ. ಕೂಸಿದ್ದ ಮನಿ ದಾಟಿ ಹೋಗಬಾರ್ದು."

"ಆಯಿ, ಇದು ಮನಿ ಅಲ್ಲ, ಅಂಗಡಿ," ಎಂದು ಮೊಮ್ಮಗಳು ನಕ್ಕಳು.

ಫಕೀರ ನಗಲಿಲ್ಲ. ಧೂಪದ ಬಟ್ಟಲನ್ನು ಮೆಟ್ಟಿಲ ಮೇಲಿಟ್ಟು ಬಂದು ಕೂಸಿನ ತಲೆಗೆ ನವಿಲುಗರಿ ತಾಗಿಸಿದ. ಮೊಮ್ಮಗಳ ನೀರಿನ ಬಾಟಲಿ ಮುಂದೆ ಹಿಡಿದೆ. ಯಾಕೆ ಎಂದು ಕೇಳದೆ ಓದಿ ಊದಿದ.

ಮರುದಿನ ಬೆಳಿಗ್ಗೆ ಪೂಜೆಗೆ ಕುಳಿತು, ಅತ್ತೆಯ ಗಿಂಡಿಗೆ ಆ ಬಾಟಲಿಯ ನೀರು ಸುರಿದೆ. ಇಷ್ಟು ವರ್ಷ ಬೆರಗಿನಿಂದ ನೆನೆಯುತ್ತ ಬಂದದ್ದನ್ನು ನಾನೇ ಮಾಡಿ ನೋಡಿರಲಿಲ್ಲ. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಆ ನೀರನ್ನು ಮೆಲ್ಲಗೆ ಎರೆದೆ. ಒಂದು ಹನಿಯೂ ಹೊರಗೆ ಬೀಳಲಿಲ್ಲ.