ದೇವಿರಮ್ಮನ ಕೈಯಲ್ಲಿ ಚೆಲುವಿಯ ಗೊರಸು

ಬೆಳಗಿನ ಆರು ಗಂಟೆ. ಅಗ್ರಹಾರದ ಹಿಂಬದಿಯ ಹಳೆಯ ಲಾಯದಲ್ಲಿ ದೇವಿರಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಚೆಲುವಿ ಎಂಬ ಹೆಣ್ಣುಕುದುರೆಯ ಮುಂಗಾಲನ್ನು ಎರಡು ಮೊಣಕಾಲುಗಳ ನಡುವೆ ಹಿಡಿದಿದ್ದಾರೆ. ಗೊರಸಿನ ತುದಿ ಇನ್ನೂ ತುಸು ಮುಂದಕ್ಕೆ ಬೆಳೆದು ಹಳೆಯ ಕಾಲದ ಚಡಾವು ಜೋಡಿನ ಮೂತಿಯಂತೆ ಮೇಲಕ್ಕೆ ತಿರುಗಿದೆ. ಹಿಂಭಾಗ ಕುಸಿದಿದೆ. ನಾಲ್ಕು ಸಲ ಅರದಿಂದ ಉಜ್ಜುತ್ತಾರೆ, ಕಾಲಿಳಿಸಿ ಕುದುರೆ ಹೇಗೆ ನಿಲ್ಲುತ್ತದೆಂದು ನೋಡುತ್ತಾರೆ, ಮತ್ತೆ ಎತ್ತುತ್ತಾರೆ.

"ಉಗುರು ಕಣ್ರೀ ಇದು. ನಮ್ಮುಗುರಂಗೇ ಬೆಳೀತದೆ. ಆದ್ರೆ ನಾವು ಉಗುರಿನ ಮೇಲೆ ನಿಲ್ಲಲ್ಲ, ಇವು ನಿಲ್ತವೆ" ಎಂದು ನನಗೆ ವಿವರಿಸುತ್ತಾರೆ.

ದೇವಿರಮ್ಮನಿಗೆ ಈಗ ಐವತ್ತೆಂಟು. ಗಂಡ ಕೆಂಪಯ್ಯ ಟಾಂಗಾ ಕುದುರೆಗಳಿಗೆ ಲಾಳ ಕಟ್ಟುತ್ತಿದ್ದರು, ಈಕೆ ಕಾಲು ಹಿಡಿಯುತ್ತಿದ್ದರು. ಇಪ್ಪತ್ತೆರಡು ವರ್ಷಗಳ ಹಿಂದೆ ಕುದುರೆಯೊಂದು ಒದ್ದು ಕೆಂಪಯ್ಯನ ಸೊಂಟ ಮುರಿಯಿತು. ಮರುವಾರವೇ ಹೆಂಡತಿ ಸುತ್ತಿಗೆ ಎತ್ತಿಕೊಂಡರು. "ಹೆಂಗ್ಸು ಲಾಳ ಕಟ್ಟೋದಾ ಅಂತ ಜನ ನಕ್ರು. ಕುದ್ರೆ ನಗ್ಲಿಲ್ಲ."

ಮೊದಲ ವರ್ಷದ ಒಂದು ತಪ್ಪನ್ನು ಮಾತ್ರ ಅವರು ತಡೆತಡೆದು ಹೇಳುತ್ತಾರೆ. ಸೊಟ್ಟಗೊರಸಿನ ಕುದುರೆಯೊಂದು ಬಂದಿತ್ತು. ಒಂದೇ ದಿನ ಪೂರ್ತಿ ಕತ್ತರಿಸಿ ನೇರ ಮಾಡಿದರು. ರಕ್ತ ಬಂತು. ಮಲಗಿದ ಪ್ರಾಣಿ ಮೇಲೇಳಲಿಲ್ಲ, ಹನ್ನೆರಡನೆಯ ದಿನ ಸತ್ತಿತು. ಮಂಚದ ಮೇಲಿದ್ದ ಕೆಂಪಯ್ಯ ಬೈಯಲಿಲ್ಲ. "ವರ್ಷಗಟ್ಲೆ ಕೆಟ್ಟಿದ್ನ ಒಂದಿನದಲ್ಲಿ ಸರಿ ಮಾಡಕ್ಕಾಗಲ್ಲ ಕಣಮ್ಮ" ಎಂದರಂತೆ.

ಅಲ್ಲಿಂದ ಮೂರು ವಾರಕ್ಕೊಮ್ಮೆ, ಸ್ವಲ್ಪ ಸ್ವಲ್ಪವೇ. ಮೇಲಿಂದ ಹೊಸ ಗೊರಸು ಇಳಿದು ನೆಲ ಮುಟ್ಟಲು ವರ್ಷ ಹಿಡಿಯುತ್ತದೆ. ಅಷ್ಟು ಕಾಯುವವರು ಕಡಿಮೆ. ಒಂದು ಕಾಲಕ್ಕೆ ವಾರಕ್ಕೆ ಇಪ್ಪತ್ತು ಕುದುರೆ ನೋಡುತ್ತಿದ್ದ ದೇವಿರಮ್ಮನ ಬಳಿಗೆ ಈಗ ಬರುವುದು ಒಟ್ಟು ಒಂಬತ್ತು. ಬಲಗೈ ಹೆಬ್ಬೆರಳು ಮಡಚುವುದಿಲ್ಲ. ಕೆಂಪಯ್ಯ ತೀರಿಕೊಂಡು ನಾಲ್ಕು ವರ್ಷವಾಯಿತು.

ಚೆಲುವಿ, ಟಾಂಗಾ ಓಡಿಸುತ್ತಿದ್ದ ಷಡಕ್ಷರಿಯವರ ಕುದುರೆ. ಏಳು ತಿಂಗಳ ಆರೈಕೆಯಲ್ಲಿ ಗೊರಸು ಅರ್ಧ ಸರಿಯಾಗಿತ್ತು. ಅಷ್ಟರಲ್ಲಿ ದಸರಾ ಬಂತು. ಲಾಳ ಕಟ್ಟಿಕೊಡಿ ಎಂದರು ಷಡಕ್ಷರಿ. "ಇನ್ನೈದು ತಿಂಗ್ಳು ತಡೀರಿ, ಗೊರಸಿನ ಗೋಡೆ ಇನ್ನೂ ಹಸಿ ಇದೆ, ಮೊಳೆ ತಡೆಯಲ್ಲ" ಎಂದು ಈಕೆ ಒಪ್ಪಲಿಲ್ಲ. ಅವರು ಬೇರೆ ಕಡೆ ಲಾಳ ಹೊಡೆಸಿ, ಪ್ರವಾಸಿಗರನ್ನು ಕೂರಿಸಿಕೊಂಡು ಹತ್ತು ದಿನ ಟಾರು ರಸ್ತೆಯಲ್ಲಿ ಓಡಿಸಿದರು. ಹನ್ನೊಂದನೆಯ ದಿನ ಕುಂಟುವ ಚೆಲುವಿಯನ್ನು ನಡೆಸಿಕೊಂಡು ಇದೇ ಲಾಯಕ್ಕೆ ಬಂದರು.

"ತಪ್ಪಾಗ್ಬುಡ್ತು ದೇವಿರಕ್ಕ."

ದೇವಿರಮ್ಮ ಮೊಳೆಗಳನ್ನು ಕಿತ್ತರು. ಗೊರಸು ಮೇಲೆ ಕೂದಲು ಶುರುವಾಗುವ ಅಂಚಿನವರೆಗೂ ಸೀಳಿತ್ತು. ಬದುಕುತ್ತದೆ, ಆದರೆ ಇನ್ನು ಗಾಡಿ ಎಳೆಯಲಾರದು ಎಂದರು ಪಶುವೈದ್ಯರು. ಕೊಳ್ಳುವವರು ಯಾರೂ ಇಲ್ಲ, ಕುದುರೆ ಈ ಲಾಯದಲ್ಲೇ ಉಳಿಯಿತು. ಷಡಕ್ಷರಿ ಈಗ ಆಟೋ ಓಡಿಸುತ್ತಾರೆ, ದಿನಾ ಬೆಳಗ್ಗೆ ಒಂದು ಹೊರೆ ಹುಲ್ಲು ತಂದು ಹಾಕಿ, ಕುದುರೆಯ ಮುಖ ನೋಡದೆ ಹೊರಡುತ್ತಾರೆ.

ಎಳೆಯಲಾಗದ ಕುದುರೆಗೆ ಇಷ್ಟೊಂದು ಶ್ರಮ ಏಕೆ ಎಂದು ಕೇಳುತ್ತೇನೆ. ದೇವಿರಮ್ಮ ಬೆನ್ನು ನೆಟ್ಟಗೆ ಮಾಡಲು ಗೋಡೆ ಹಿಡಿಯುತ್ತಾರೆ.

"ಎಳೆಯಕ್ಕೇಂತ್ಲೇ ಹುಟ್ಟಿರೋದಾ ಸ್ವಾಮಿ ಅದು? ಹೋದ್ ತಿಂಗ್ಳು ಮೂರ್ ಕಾಲಲ್ಲಿ ನಿಂತಿದ್ಲು. ಇವತ್ತು ನಾಕೂ ನೆಲಕ್ಕೂರವಳೆ, ನೋಡಿ."