ಟ್ರಿನಿಡಾಡ್ ಅಂಕಲ್ ಹೇಳದೆ ಉಳಿಸಿಕೊಂಡ ಮಾತು

ಮೊನ್ನೆ ಸಂಜೆ ನಮ್ಮ ಬೀದಿಗೆ ಸೊಳ್ಳೆ ಹೊಗೆಯ ಗಾಡಿ ಬಂದಿತ್ತು. ಕಿಟಕಿ ಮುಚ್ಚುವಷ್ಟರಲ್ಲಿ ಆ ಸೀಮೆಎಣ್ಣೆಯಂಥ ವಾಸನೆ ಮನೆಯೊಳಗೆಲ್ಲ ತುಂಬಿತು. ಆ ವಾಸನೆ ಬಂದರೆ ನನಗೆ ಎದುರುಮನೆ ಅಂಕಲ್ ನೆನಪಾಗುತ್ತಾರೆ. ನೆನಪಾದರೆ ಈಗಲೂ ಸಿಟ್ಟು ಬರುತ್ತದೆ.

ಪದ್ಮನಾಭನಗರದಲ್ಲಿ ಎಲ್ಲರಿಗೂ ಅವರು ಟ್ರಿನಿಡಾಡ್ ಅಂಕಲ್. ಆ ಕೆರಿಬಿಯನ್ ದ್ವೀಪದ ಸಕ್ಕರೆ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಬಂದವರು. ನನಗೆ ಅಲ್ಲಿನ ಶಾಲೆಯೊಂದರಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಾಗ ಅಮ್ಮನೇ ನನ್ನನ್ನು ಅವರ ವರಾಂಡಕ್ಕೆ ಎಳೆದುಕೊಂಡು ಹೋದಳು. "ಎಲ್ಲಾ ಕೇಳ್ಕೊಂಡ್‌ಬಿಡೆ, ಆಮೇಲೆ ಅಲ್ಲಿ ಪರದಾಡ್ಬೇಡ" ಅಂದಳು.

ಅಂಕಲ್ ಬಾಯಿ ತೆರೆದರೆ ಮುಗಿಯುತ್ತಿರಲಿಲ್ಲ. ಇಲ್ಲಿನ ಮಿಕ್ಸಿ ಹೊತ್ತುಕೊಂಡು ಹೋಗಬೇಡ, ಅಲ್ಲಿನ ಕರೆಂಟೇ ಬೇರೆ. ಮಿಲಿಟರಿಯವರ ಬಟ್ಟೆಯಂಥ ಪ್ಯಾಂಟು, ಬ್ಯಾಗು ಬೇಡ, ಕಾನೂನು ಒಪ್ಪುವುದಿಲ್ಲ. ಜೂನ್ ಬಂತೆಂದರೆ ವರ್ಷದ ಕೊನೆಯವರೆಗೆ ಕೊಡೆ ಬಿಡಬೇಡ... "ಅಂಗಡಿಗೆ ಹೋದ್ ತಕ್ಷಣ ನಮ್ ಫೋರ್ತ್ ಬ್ಲಾಕ್ ಮಾರ್ಕೆಟ್ ಥರ 'ಎಷ್ಟು' ಅನ್ಬೇಡಮ್ಮ. ಮೊದ್ಲು ಗುಡ್ ಮಾರ್ನಿಂಗ್ ಹೇಳು. ಇಲ್ದಿದ್ರೆ ಮುಖಾನೂ ನೋಡಲ್ಲ."

"ಇಂಜೆಕ್ಷನ್ ಏನಾದ್ರೂ ಹಾಕಿಸ್ಕೋಬೇಕಾ ಅಂಕಲ್?" ಎಂದು ನಾನೇ ಕೇಳಿದ್ದೆ.

ಅವರು ಕಾಫಿ ಲೋಟದೊಳಗೆ ನೋಡುತ್ತಾ, "ಅಲ್ಲಿಗೆ ಹೋಗೋಕೆ ಏನೂ ಬೇಡ" ಅಂದರು.

ಹೋದ ಮೇಲೆ ನೋಡಿದರೆ ಅವರ ಒಂದು ಮಾತೂ ಸುಳ್ಳಾಗಲಿಲ್ಲ. ಅಲ್ಲಿನ ಅಂಗಡಿಯಾಕೆಗೆ ಗುಡ್ ಮಾರ್ನಿಂಗ್ ಹೇಳಿದಾಗಲೆಲ್ಲ ಮನಸ್ಸಿನಲ್ಲೇ ಅಂಕಲ್‌ಗೆ ಕೈ ಮುಗಿಯುತ್ತಿದ್ದೆ. ಎಂಥ ದಡ್ಡಿ ನಾನು!

ಮರುವರ್ಷ ಅಮ್ಮ ಹಾಸಿಗೆ ಹಿಡಿದಳು. ತಮ್ಮ ಫೋನ್ ಮಾಡಿ, "ಅಕ್ಕ, ಬೇಗ ಬಾ, ನಿನ್ನೇ ಕೇಳ್ತಿದಾಳೆ" ಅಂದ. ಸಿಕ್ಕ ವಿಮಾನ ಹತ್ತಿ ಬಂದೆ. ಬೆಂಗಳೂರಲ್ಲಿ ಇಳಿದಾಗ ಕೌಂಟರಿನಲ್ಲಿ ಸೊಳ್ಳೆಯಿಂದ ಹರಡುವ ಹಳದಿ ಜ್ವರದ ಲಸಿಕೆಯ ಕಾರ್ಡು ಕೇಳಿದರು. ಆ ದ್ವೀಪಕ್ಕೆ ಹೋಗಲು ಬೇಡದ ಸೂಜಿ, ಅಲ್ಲಿಂದ ವಾಪಸು ಬರಲು ಬೇಕಂತೆ. ಇಲ್ಲದಿದ್ದರೆ ಆರು ದಿನ ಕಳೆದು ರೋಗ ತಂದಿಲ್ಲವೆಂದು ಖಾತ್ರಿಯಾಗುವ ತನಕ ಹೊರಗೆ ಬಿಡುವುದಿಲ್ಲ. ಅಳುತ್ತಾ ಬೇಡಿಕೊಂಡೆ. ಅವರ ಕೆಲಸ ಅವರು ಮಾಡಿದರು. ನನ್ನನ್ನು ಸೊಳ್ಳೆಪರದೆ ಕಟ್ಟಿದ ಕೋಣೆಯಲ್ಲಿ ಕೂರಿಸಿದರು. ಹೊರಗೆ ಹೊಗೆ ಹೊಡೆಯುತ್ತಿದ್ದರು.

ಒಂದೇ ಊರಿನಲ್ಲಿದ್ದೂ ನನಗೆ ಅಮ್ಮನ ಹತ್ತಿರ ಹೋಗಲಾಗಲಿಲ್ಲ. ಅವಳು ಹೋಗಿಬಿಟ್ಟಳು. ಬನಶಂಕರಿ ಚಿತಾಗಾರದಿಂದ ತಮ್ಮ ವಿಡಿಯೋ ಕಾಲ್ ಮಾಡಿದ. ಫೋನಿನಲ್ಲಿ ಚಿತ್ರ ಅಲ್ಲಾಡುತ್ತಿತ್ತು...

ಹೊರಗೆ ಬಂದವಳು ನೇರ ಎದುರುಮನೆಗೆ ಹೋದೆ. "ಆ ಲಸಿಕೆ ವಿಷ್ಯ ನಿಮ್ಗೆ ಗೊತ್ತಿತ್ತಾ ಅಂಕಲ್?"

ಅವರು ಪೇಪರಿನಿಂದ ತಲೆ ಎತ್ತಲಿಲ್ಲ. "ಮರ್ತೋಯ್ತಮ್ಮ."

ಒಳಗಿನಿಂದ ಆಂಟಿ ಬಂದು ಬಾಗಿಲಲ್ಲಿ ನಿಂತರು. ಅವರಿಗೆ ತಡೆಯಲಾಗಲಿಲ್ಲ. "ಮರೆಯೋದೆಲ್ಲಿಂದ ಬಂತು? ಇವ್ರಮ್ಮ ತೀರ್ಕೊಂಡಾಗ ಇವ್ರನ್ನೂ ಬಾಂಬೇಲಿ ಹಿಂಗೇ ಕೂರಿಸಿದ್ರು. ಕಾರ್ಖಾನೆ ಡಾಕ್ಟ್ರು ಸೂಜಿ ಹಾಕ್ತೀನಿ ಬನ್ನಿ ಅಂತ ಕರ್ದಿದ್ದ ದಿನ ಕ್ರಿಕೆಟ್ ಮ್ಯಾಚಿಗೆ ಹೋಗಿದ್ರು. ಮ್ಯಾಚಿನ ಹುಚ್ಚಿಗೆ ಹಿರೀಮಗ ಕೊಳ್ಳಿ ಇಡೋಕೆ ಬರ್ಲಿಲ್ಲ ಅಂತ ಜನ ಆಡ್ಕೋತಾರೆ ಅಂತ, ವಿಮಾನ ಕೆಟ್ಟೋಯ್ತು ಅಂತ ಹೇಳ್ಕೊಂಡು ಬಂದ್ವಿ. ಇವತ್ತಿನ್ ತನ್ಕ ಅದೇ ಮಾತು."

ಲಸಿಕೆಯ ಮಾತೆತ್ತಿದರೆ ನಿಮಗೆ ಹೇಗೆ ಗೊತ್ತು ಎಂದು ನಾನು ಕೇಳಿಬಿಟ್ಟೇನು ಎಂಬ ಭಯ ಅವರಿಗೆ. ಅಷ್ಟೇ. ತಮ್ಮ ಮರ್ಯಾದೆ ಉಳಿಸಿಕೊಳ್ಳಲು, ತಾವು ಬಿದ್ದ ಗುಂಡಿಗೇ ನನ್ನನ್ನೂ ಕಳಿಸಿಕೊಟ್ಟರು. ಅಂಕಲ್ ಪೇಪರಿನ ಹಾಳೆ ತಿರುಗಿಸಿದರು. ನಾನು ಮತ್ತೆ ಆ ವರಾಂಡ ಹತ್ತಲಿಲ್ಲ.

ಹೋದ ವರ್ಷ ಅವರು ತೀರಿಕೊಂಡಾಗ ಮಾತ್ರ ಹೋಗಬೇಕಾಯಿತು. ಎಷ್ಟು ಜನಕ್ಕೆ ದಾರಿ ತೋರಿಸಿದ ಮನುಷ್ಯ ಎಂದು ಬಂದವರೆಲ್ಲ ಹೊಗಳುತ್ತಿದ್ದರು. ಆಂಟಿ ನನ್ನ ಕೈ ಹಿಡಿದು ಅವರ ತಲೆದೆಸೆಗೆ ಕರೆದುಕೊಂಡು ಹೋದರು, "ನೋಡ್ಬಿಡಮ್ಮ" ಅಂದರು. ನೋಡಿದೆ.

ಈಗ ಅಮ್ಮನ ಕೊನೆಯ ಮುಖ ನೆನೆಸಿಕೊಳ್ಳಲು ಹೋದರೆ ಫೋನಿನ ಪರದೆಯಲ್ಲಿ ಅಲ್ಲಾಡಿ ಮಸುಕಾದ ಏನೋ ಒಂದು ಬರುತ್ತದೆ. ಅಂಕಲ್ ಮುಖ ಮಾತ್ರ ಸ್ಪಷ್ಟವಾಗಿ ನೆನಪಿದೆ.