ಅಜ್ಜಿ ಪಾಸು ಮಾಡಿಸಿದ ಪರೀಕ್ಷೆ

ಕಳೆದ ವಾರ ಬಂಗಾರಪೇಟೆ ಸ್ಟೇಷನ್ನಿನ ಬೆಂಚಿನ ಮೇಲೆ ಒಬ್ಬ ತಾಯಿ ಮಗುವಿನ ಬಾಯಿಗೆ ಉಬ್ಬಸದ ನೀಲಿ ಪಂಪು ಒತ್ತಿದಳು. ಸ್ಪಿರಿಟ್ಟಿನಂಥ ಆ ಸಣ್ಣ ವಾಸನೆ ಮೂಗಿಗೆ ಬಂದದ್ದೇ ತಡ, ಚಿನ್ನದ ಗಣಿಯ ಊರಿಗಾಂನಲ್ಲಿ, ಗಣಿ ಕೂಲಿಗಳ ಸಾಲುಮನೆಗಳ ನಮ್ಮ ಲೈನಿನಲ್ಲಿ, ಎದುರು ಮನೆಯಲ್ಲಿದ್ದ ಅಜ್ಜಿ ನೆನಪಾದರು...

ನಾನು ಆಗ ಬಂಗಾರಪೇಟೆಯ ಮಕ್ಕಳ ಕ್ಲಿನಿಕ್ಕೊಂದರಲ್ಲಿ ಉಸಿರಿನ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೆ. ಅಜ್ಜಿಯ ಮೊಮ್ಮಗಳಿಗೆ ಏಳು ವರ್ಷ, ತಾಯಿಯಿಲ್ಲದ ಮಗು. ಗಾಳಿಗೆ ಗಣಿದಿಬ್ಬದ ಧೂಳು ಎದ್ದರೆ ಸಾಕು, ಕೆಮ್ಮಿ ಕೆಮ್ಮಿ ಸೋಲುತ್ತಿದ್ದಳು. ಕೆಮ್ಮು ಹೆಚ್ಚಾದಾಗ ಹೊಡೆಯಲೆಂದು ಪಂಪು ಕೊಟ್ಟಿದ್ದ ಡಾಕ್ಟರು, ಆಸ್ತಮಾ ಹೌದೋ ಅಲ್ಲವೋ ನೋಡಿಬಿಡೋಣ ಎಂದರು. ಮಗುವಿನಿಂದ ಅಳತೆಯ ಕೊಳವೆಗೆ ಊದಿಸಿ, ಅದನ್ನು ಓಡಿಸಿ, ಮತ್ತೆ ಊದಿಸುವುದು. ಓಡಿದ ಮೇಲೆ ಶ್ವಾಸನಾಳ ಬಿಗಿದರೆ ಊದಿದ ಅಳತೆ ಇಳಿಯುತ್ತದೆ, ಆಗ ದಿನಾ ಔಷಧ. ಪಂಪು ಹೊಡೆದಿದ್ದರೆ ನಾಳ ಸಡಿಲಾಗಿ ಅಳತೆ ಇಳಿಯುವುದೇ ಇಲ್ಲ; ಪರೀಕ್ಷೆಗೆ ಮುಂಚೆ ಪಂಪು ಕೊಡಬೇಡಿ ಎಂದಷ್ಟೇ ನಾನು ಅಜ್ಜಿಗೆ ಎರಡು ಸಲ ಹೇಳಿದ್ದೆ.

ಆ ಬೆಳಿಗ್ಗೆ ಮಗು ಸಲೀಸಾಗಿ ಓಡಿತು. ಅಳತೆ ಕೂದಲೆಳೆಯಷ್ಟೂ ಇಳಿಯಲಿಲ್ಲ. ಆದರೆ ಕೊಳವೆ ಹಿಡಿದ ಬೆರಳುಗಳು ನಡುಗುತ್ತಿದ್ದವು. ಪಂಪು ಹೊಡೆದ ಮಕ್ಕಳ ಕೈ ಹಾಗೆ ನಡುಗುವುದನ್ನು ದಿನಾ ನೋಡುತ್ತಿದ್ದವಳು ನಾನು. ಅಜ್ಜಿಯ ಮುಖ ನೋಡಿದೆ.

"ಪಾಸಾತಲ್ಲ, ಅಮ್ಮಣ್ಣಿ?" ಎಂದರು, ಸೆರಗಿನಿಂದ ಮಗುವಿನ ಹಣೆ ಒರೆಸುತ್ತ.

ನನ್ನನ್ನು ಎತ್ತಿ ಆಡಿಸಿದವರು. ಡಾಕ್ಟರ ಮುಂದೆ ಅವರ ಮಾನ ಕಳೆಯುವುದೇ? ಹೂಂ ಎಂದೆ. ಆಸ್ತಮಾ ಇಲ್ಲ, ಪಂಪು ನಿಲ್ಲಿಸಿ ಎಂದು ಡಾಕ್ಟರು ಬರೆದರು.

ಹದಿನೈದು ದಿನ ಕಳೆದಿರಲಿಲ್ಲ, ಮಗು ಉಸಿರು ಸಿಗದೆ ನೀಲಿಗಟ್ಟಿತು. ಮೂರು ದಿನ ಆಕ್ಸಿಜನ್ನಿನಲ್ಲಿಟ್ಟರು. ಬದುಕಿತು, ಪುಣ್ಯ. ವಾರ್ಡಿನ ಹೊರಗೆ ಅಜ್ಜಿ ನನ್ನ ಕೈ ಹಿಡಿದು ಅತ್ತರು.

"ನಮ್ಮೆಜಮಾನ್ರು ಎದೆ ಟೆಸ್ಟ್‌ನಾಗೆ ಪೇಲಾದ್ರು ಅಂತ ಗಣಿಗೆ ಇಳಿಸ್ನಿಲ್ಲ ಕಣಮ್ಮ. ಮನೇಲಿ ಕುಂತು ಕುಂತೇ ಓಗ್ಬುಟ್ರು. ಇದೂ ಪೇಲಾಗ್ಬಾರ್ದು ಅಂತ ರೈಲಿಳಿದೇಟ್ಗೆ ಎಲ್ಡು ದಪ ಪಂಪು ಒಡ್ದೆ. ನಾನೇ ಸಾಯಿಸ್ತಿದ್ನಲ್ಲ ಮಗೀನ..."

ಲೈನಿನವರಿಗೆ ಉಸಿರಿನ ಪರೀಕ್ಷೆ ಎಂದರೆ ಅದೇ, ಪಾಸಾದರೆ ಮಾತ್ರ ಅನ್ನ. ಇಲ್ಲಿ ಫೇಲಾದರೇ ಮದ್ದು ಸಿಗುವುದು ಎಂದು ಬಿಡಿಸಿ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ನಾನೂ ಅದೇ ಲೈನಿನಲ್ಲಿ ಹುಟ್ಟಿ ಬೆಳೆದವಳು! ಕೆಟ್ಟ ಮೇಲೆ ಬುದ್ಧಿ ಬಂತು... 'ನನಗೂ ಗೊತ್ತಾಗಿತ್ತು ಅಜ್ಜಿ, ಸುಮ್ಮನಿದ್ದುಬಿಟ್ಟೆ' ಎಂಬ ಮಾತು ನಾಲಿಗೆ ತುದಿಗೆ ಬಂತು. ಕೆಲಸ ಹೋದೀತೆಂದು ನುಂಗಿಕೊಂಡೆ.

ಅಜ್ಜಿ ತೀರಿಕೊಂಡು ನಾಲ್ಕು ವರ್ಷವಾಯಿತು. ಕಾಲೇಜು ಸೇರಿರುವ ಮೊಮ್ಮಗಳು ಮೊನ್ನೆ ಮನೆಗೆ ಬಂದಿದ್ದಳು.

"ಅಕ್ಕಾ, ಸಾಯೋ ಗಂಟ ಅಜ್ಜಿ ನನ್ ಕೈ ಇಡ್ಕೊಂಡು ತಪ್ಪಾಯ್ತು, ತಪ್ಪಾಯ್ತು ಅಂತಿದ್ಲು. ಯಾಕೆ ಅಂತ ನಿಮ್ಗೇನಾರ ಗೊತ್ತಾ?"

ಈಗ ಕಳೆದುಕೊಳ್ಳಲು ನನಗೆ ಕೆಲಸವೂ ಇಲ್ಲ, ಬಯ್ಯಲು ಡಾಕ್ಟರೂ ಇಲ್ಲ.

"ವಯಸ್ಸಾಗಿತ್ತಲ್ಲಮ್ಮ, ಅರಳುಮರಳು" ಎಂದುಬಿಟ್ಟೆ.